ಹಳೇ ಪೋಸ್ಟ್‌ಗಳು ಎಲ್ಲಿಗೆ ಹೋಗುತ್ತವೆ?

ಬ್ಲಾಗ್ ತೆರೆದರೆ ಪಕ್ಕದಲ್ಲಿ 2012, 2011, 2010 ಅಂತ ವರ್ಷಗಳ ಪಟ್ಟಿ, ಪ್ರತಿ ವರ್ಷದ ಮುಂದೆ ಕಂಸದಲ್ಲಿ ಒಂದು ಸಂಖ್ಯೆ ಕಾಣುತ್ತದಲ್ಲ, ಅದೇ ಆರ್ಕೈವ್. ಅದನ್ನು ಅಟ್ಟದ ಮೇಲಿನ ಟ್ರಂಕು ಅಂದುಕೊಂಡವರೇ ಜಾಸ್ತಿ, ಹಳೇದನ್ನೆಲ್ಲ ತೆಗೆದು ಅಲ್ಲಿ ತುರುಕುತ್ತಾರೆ ಅಂತ. ಹಾಗೇನಿಲ್ಲ, ಪೋಸ್ಟ್ ಎಲ್ಲಿಗೂ ಹೋಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ನಿನ್ನೆ ಬರೆದದ್ದೂ ಹತ್ತು ವರ್ಷದ ಹಿಂದೆ ಬರೆದದ್ದೂ ಒಂದೇ ಟೇಬಲ್ಲಿನ ಸಾಲುಗಳು. ನೀವು 'ಜುಲೈ 2010' ಒತ್ತಿದಾಗ ಆ ತಿಂಗಳ ಸಾಲುಗಳನ್ನು ಹೆಕ್ಕಿ ಕೊಡುವ ಒಂದು ಕ್ವೆರಿ ಓಡುತ್ತದೆ. ಡಿಬಿಎಂಎಸ್ ಲ್ಯಾಬಿನಲ್ಲಿ ನಾವು ಬರೆಯುವ ಸೆಲೆಕ್ಟ್, ವೇರ್, ಆರ್ಡರ್ ಬೈ ಇವೆಯಲ್ಲ, ಅಷ್ಟೇ.

ಇಷ್ಟು ಸರಳವಾದದ್ದಕ್ಕೆ ಯಾಕೆ ತಲೆಕೆಡಿಸಿಕೊಳ್ಳಬೇಕು? ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ಕಾರಣವಿದೆ. ಪ್ರತಿ ಪೋಸ್ಟಿಗೂ ಒಂದು ಕಾಯಂ ವಿಳಾಸ ಇರುತ್ತದೆ, ಪರ್ಮಾಲಿಂಕ್. ಇಂಗ್ಲಿಷಿನಲ್ಲಾದರೆ ಶೀರ್ಷಿಕೆಯ ಪದಗಳೇ ಆ ವಿಳಾಸದಲ್ಲಿ ಕೂರುತ್ತವೆ. ಬ್ಲಾಗರ್‌ನಲ್ಲಿ ಕನ್ನಡ ಶೀರ್ಷಿಕೆ ಕೊಟ್ಟರೆ ಅದು ಅಕ್ಷರಗಳನ್ನೆಲ್ಲ ಉದುರಿಸಿ 'ಬ್ಲಾಗ್-ಪೋಸ್ಟ್', ಮುಂದಿನದಕ್ಕೆ 'ಬ್ಲಾಗ್-ಪೋಸ್ಟ್_23' ಅಂತ ಏನೋ ಒಂದು ಹೆಸರಿಟ್ಟುಬಿಡುತ್ತದೆ. ವರ್ಡ್‌ಪ್ರೆಸ್ ಉದುರಿಸುವುದಿಲ್ಲ, ಆದರೆ ಅದರ ಕಥೆ ಬೇರೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟೂ ಪರ್ಸೆಂಟ್ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. 'ಕನ್ನಡ' ಎಂಬ ಪದಕ್ಕೆ ಒತ್ತಕ್ಷರದ ವಿರಾಮ ಸೇರಿ ಐದು ಸಂಕೇತ. ಹಾಗಾಗಿ ಅದೊಂದೇ ಪದ 45 ಅಕ್ಷರ ನುಂಗುತ್ತದೆ! ಮಿತಿ ಇರೋದು 200. ಸ್ವಲ್ಪ ಉದ್ದದ ಶೀರ್ಷಿಕೆಯಾದರೆ ಮಧ್ಯದಲ್ಲೇ ಕಟ್.

ಅಂದರೆ ನಮ್ಮ ವಿಳಾಸ ನೋಡಿ ಒಳಗೇನಿದೆ ಅಂತ ಹೇಳೋಕಾಗಲ್ಲ. ಉಳಿಯುವ ಆಧಾರ ತಾರೀಖು ಮತ್ತು ಲೇಬಲ್. ಸರ್ಚ್ ಎಂಜಿನ್ನಿನ ಕ್ರಾಲರ್ ಕೂಡ ಹೆಚ್ಚಾಗಿ ಲಿಂಕಿನಿಂದ ಲಿಂಕಿಗೆ ನಡೆದೇ ಪುಟ ಹುಡುಕುವುದು. ಮುಖಪುಟದಿಂದ ಜಾರಿದ ಬರಹಕ್ಕೆ ಆರ್ಕೈವ್ ಪಟ್ಟಿಯೇ ದಾರಿ. ಟೆಂಪ್ಲೇಟ್ ಚೆಂದ ಕಾಣಲಿ ಅಂತ ಆ ಪಟ್ಟಿಯನ್ನೇ ಕಿತ್ತು ಹಾಕುವವರಿದ್ದಾರೆ, ನಮಗಂತೂ ಅದು ಸರಿ ಅನ್ನಿಸಲ್ಲ.

ಇನ್ನೊಂದು ಗೊಂದಲ: ಆರ್ಕೈವ್ ಇದೆ ಅಂದಮಾತ್ರಕ್ಕೆ ಬ್ಯಾಕಪ್ ಇದೆ ಅಂತಲ್ಲ. ಸರ್ವರ್ ಮುಚ್ಚಿದರೆ ಪಟ್ಟಿಯೂ ಹೋಯ್ತು, ಪೋಸ್ಟೂ ಹೋಯ್ತು. 1994ರಲ್ಲಿ ಶುರುವಾದ ಜಿಯೋಸಿಟೀಸ್‌ನಲ್ಲಿ ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದರು. ಯಾಹೂ ಅದನ್ನು 1999ರಲ್ಲಿ ಕೊಂಡು 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಇವತ್ತು ಅದರಲ್ಲಿ ಒಂದಷ್ಟಾದರೂ ಓದಲು ಸಿಗುತ್ತಿದ್ದರೆ ಹೊರಗಿನವರು ಓಡಿ ಬಂದು ನಕಲು ಮಾಡಿಟ್ಟದ್ದರಿಂದ. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ 1996ರಿಂದ ಇದೇ ಕೆಲಸ ಮಾಡುತ್ತಿದೆ. 2001ರಲ್ಲಿ ಎಲ್ಲರಿಗೂ ತೆರೆದ ಅವರ ವೇಬ್ಯಾಕ್ ಮಷೀನಿನಲ್ಲಿ ಪ್ರತಿ ನಕಲಿನ ವಿಳಾಸದಲ್ಲೂ 14 ಅಂಕಿ ಇರುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಅಲ್ಲೂ ತಾರೀಖೇ ಕೀಲಿ ನೋಡಿ. ನಿಮ್ಮ ಪುಟದ ವಿಳಾಸ ಕೊಟ್ಟು ನೀವೇ ಉಳಿಸಲೂಬಹುದು, ಕಾಸು ಕೊಡಬೇಕಿಲ್ಲ.

ಕಾಲೇಜು ಬ್ಲಾಗುಗಳ ಸಂಕಟ ಇದಕ್ಕಿಂತ ಸಣ್ಣದು, ಆದರೆ ಮೇಲಿಂದ ಮೇಲೆ ಬರುವಂಥದ್ದು. ಅಡ್ಮಿನ್ ಆಗಿದ್ದವರು ಪಾಸಾಗಿ ಕೆಲಸಕ್ಕೆ ಹೋಗುತ್ತಾರೆ, ಪಾಸ್‌ವರ್ಡ್ ಅವರ ಜೊತೆಗೇ ಹೋಗುತ್ತದೆ. ಡೊಮೇನ್ ರಿನ್ಯೂ ಮಾಡುವವರಿಲ್ಲದೆ ಒಂದು ದಿನ ಅಲ್ಲಿ ಯಾವುದೋ ಜಾಹೀರಾತು ಬಂದು ಕೂರುತ್ತದೆ. ಆದ್ದರಿಂದ ಫೈನಲ್ ಇಯರ್‌ನವರು ಜೂನಿಯರ್ಸ್‌ಗೆ ಅಧಿಕಾರ ಕೊಡುವಾಗ ಎಕ್ಸ್‌ಪೋರ್ಟ್ ಫೈಲನ್ನೂ ಕೊಟ್ಟುಬಿಡಿ. ವರ್ಡ್‌ಪ್ರೆಸ್‌ನ ಎಕ್ಸ್‌ಎಂಎಲ್ ಫೈಲಿನಲ್ಲಿ ಬರಹ, ಕಾಮೆಂಟು ಎಲ್ಲ ಬರುತ್ತದೆ. ಫೋಟೋಗಳು ಮಾತ್ರ ಬರಲ್ಲ, ಬರೀ ಲಿಂಕ್ ಇರುತ್ತದೆ. ಅವನ್ನು ಬೇರೆ ಫೋಲ್ಡರಿನಲ್ಲಿ ಇಳಿಸಿಟ್ಟುಕೊಳ್ಳಿ.