ಚರ್ಮದ ಗುಳ್ಳೆಗೂ ಮಿದುಳಿಗೂ ಏನು ನಂಟು?

ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಮೈಮೇಲೆ ನೀರುಗುಳ್ಳೆ ಎದ್ದರೆ ಹಲವರಿಗೆ ಮೊದಲು ನೆನಪಾಗುವುದು ನಾಗ. ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರವಿರುವುದೂ ಇಲ್ಲಿಯೇ. ಹಿಂದೆ ಸುಳ್ಯ ತಾಲೂಕಿನಲ್ಲಿದ್ದ ಆ ಊರು ಈಗ ಕಡಬ ತಾಲೂಕಿಗೆ ಸೇರಿದೆ. ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತು ಬರುವವರು, ಅಲ್ಲಿಯ ಮೃತ್ತಿಕಾ ಪ್ರಸಾದವನ್ನು ಮೈಗೆ ಹಚ್ಚಿಕೊಳ್ಳುವವರು ಬಹಳ. ಚಂಪಾಷಷ್ಠಿಯ ಸಮಯದಲ್ಲಿ ಎಂಜಲೆಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನದ ಹಿಂದೆಯೂ ಇದೇ ನಂಬಿಕೆಯಿತ್ತು. ದೀರ್ಘ ವಿವಾದದ ಬಳಿಕ ಅದು 2017ರ ಮೌಢ್ಯ ನಿಷೇಧ ಕಾಯ್ದೆಯ ಪಟ್ಟಿಗೆ ಸೇರಿತು.

ನಾಗನೊಂದಿಗೆ ತಳಕು ಹಾಕಿಕೊಂಡ ಗುಳ್ಳೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಸರ್ಪಸುತ್ತು. ಸೊಂಟದ ಒಂದು ಬದಿಯಲ್ಲಿ ಸಾಲಾಗಿ ಏಳುವ ಗುಳ್ಳೆಗಳು ಹಾವು ಸುತ್ತಿಕೊಂಡಂತೆ ಕಾಣುತ್ತವೆ. ಹೆಡೆಯೂ ಬಾಲವೂ ಕೂಡಿದರೆ ಪ್ರಾಣಾಪಾಯ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಆದರೆ ಅವು ಕೂಡುವುದು ತೀರಾ ಅಪರೂಪ. ಬಾಲ್ಯದ ಸೀತಾಳ ಸಿಡುಬಿನ ವೈರಾಣು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ದಶಕಗಟ್ಟಲೆ ಅಡಗಿದ್ದು, ಮುಪ್ಪಿನಲ್ಲಿ ಒಂದು ನರದ ಜಾಡು ಹಿಡಿದು ಹೊರಬರುತ್ತದೆ. ಆ ಜಾಡು ಮೈಯ ನಡುಗೆರೆಯಲ್ಲೇ ನಿಂತುಬಿಡುತ್ತದೆ. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಇಂಥ ರೋಗಿಗಳನ್ನು ಪರೀಕ್ಷಿಸಿಯೇ ಯಾವ ನರ ಚರ್ಮದ ಯಾವ ಪಟ್ಟಿಗೆ ಸಲ್ಲುತ್ತದೆಂಬ ನಕ್ಷೆ ಬರೆದರು. ಅಂದರೆ ಇದು ಚರ್ಮದಲ್ಲಿ ಕಾಣಿಸುವ ನರದ ರೋಗ.

ಇದಕ್ಕಿಂತ ವಿಚಿತ್ರವಾದ ನಂಟು ಇನ್ನೊಂದು ಗುಳ್ಳೆರೋಗದ್ದು. ವೈದ್ಯರು ಅದನ್ನು ಬುಲ್ಲಸ್ ಪೆಂಫಿಗಾಯ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ರೂಢಿಯ ಹೆಸರಿಲ್ಲ; ತೊಂದರೆ ಶುರುವಾಗುವುದೇ ಅಲ್ಲಿಂದ. ಹೆಸರಿಲ್ಲದ ರೋಗ ಹೆಸರಿರುವ ರೋಗದ ಲೆಕ್ಕಕ್ಕೆ ಹೋಗುತ್ತದೆ. ಸರ್ಪಸುತ್ತೆಂದೋ, ಕಜ್ಜಿಯೆಂದೋ, ಮಂಪರು ಹಿಡಿದ ಮುದುಕರ ಕೆರೆತವೆಂದೋ ದಿನ ಕಳೆಯುತ್ತದೆ. ಇದು ಹೆಚ್ಚಾಗಿ ಎಪ್ಪತ್ತು ದಾಟಿದವರಿಗೆ ಬರುವ ರೋಗ. ಮೊದಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬರೀ ತುರಿಕೆ. ಆಮೇಲೆ ತೊಡೆ, ಹೊಟ್ಟೆ, ತೋಳುಗಳಲ್ಲಿ ಬಿಗಿಯಾದ ದೊಡ್ಡ ಗುಳ್ಳೆಗಳು. ಸರ್ಪಸುತ್ತಿನಂತೆ ಒಂದೇ ಬದಿಗೆ ನಿಲ್ಲುವುದಿಲ್ಲ, ಎರಡೂ ಕಡೆ ಏಳುತ್ತವೆ. ಅದರ ಸೋದರರೋಗವಾದ ಪೆಂಫಿಗಸ್‌ನಲ್ಲಿ ಗುಳ್ಳೆ ಸಡಿಲ, ಬೇಗ ಒಡೆಯುತ್ತದೆ, ಬಾಯಲ್ಲೂ ಹುಣ್ಣಾಗುತ್ತದೆ. ಭಾರತದಲ್ಲಿ ಅದೇ ಹೆಚ್ಚು, ಅದೂ ನಡುವಯಸ್ಸಿನವರಲ್ಲಿ. ಎರಡೂ ಬೇರೆಬೇರೆ ಎಂದು 1953ರಲ್ಲಿ ವಿಂಗಡಿಸಿ ತೋರಿಸಿದವರು ವಾಲ್ಟರ್ ಲೀವರ್.

ಎರಡರಲ್ಲೂ ರೋಗಾಣುವಿಲ್ಲ, ಅಂಟುವುದೂ ಇಲ್ಲ. ದೇಹದ ಕಾವಲುಪಡೆ ತನ್ನದೇ ಅಂಗಾಂಶವನ್ನು ವೈರಿಯೆಂದು ಬಗೆಯುತ್ತದೆ. ಪೆಂಫಿಗಾಯ್ಡ್‌ನಲ್ಲಿ ಪೆಟ್ಟು ಬೀಳುವುದು ಮೇಲ್ಚರ್ಮವನ್ನು ಒಳಚರ್ಮಕ್ಕೆ ಬಿಗಿದಿಡುವ ಎರಡು ಪ್ರೋಟೀನುಗಳ ಮೇಲೆ. ಬಿಪಿ 180 ಮತ್ತು ಬಿಪಿ 230 ಎಂದು ಅವುಗಳ ಹೆಸರು. ಬಿಗಿ ಸಡಿಲವಾದಲ್ಲಿ ನೀರು ತುಂಬಿ ಗುಳ್ಳೆಯಾಗುತ್ತದೆ.

ಇಷ್ಟಾದರೆ ಬರೀ ಚರ್ಮದ ಕತೆ. ಆದರೆ ಈ ರೋಗಿಗಳಲ್ಲಿ ಬಹಳ ಮಂದಿ ಮೊದಲೇ ಪಾರ್ಶ್ವವಾಯು ಬಡಿದವರು, ಮರೆವಿನ ರೋಗದವರು ಅಥವಾ ಪಾರ್ಕಿನ್ಸನ್ ರೋಗದಿಂದ ಕೈ ನಡುಗುವವರು ಎಂಬುದನ್ನು ವೈದ್ಯರು ಬಹುಕಾಲದಿಂದ ಗಮನಿಸುತ್ತಿದ್ದರು. ಮುಪ್ಪಿನಲ್ಲಿ ಎಲ್ಲ ರೋಗವೂ ಬರುತ್ತದೆ, ಕಾಕತಾಳೀಯವಿರಬೇಕು ಎನ್ನಬಹುದಿತ್ತು. 2011ರಲ್ಲಿ ಬ್ರಿಟನ್ನಿನಲ್ಲಿ ಅದೇ ವಯಸ್ಸಿನ ಇತರರೊಡನೆ ಹೋಲಿಸಿ ನೋಡಿದಾಗ, ಪೆಂಫಿಗಾಯ್ಡ್ ಇದ್ದವರಲ್ಲಿ ಮರೆವಿನ ರೋಗವೂ ಪಾರ್ಕಿನ್ಸನ್ ರೋಗವೂ ಸುಮಾರು ಮೂರು ಪಟ್ಟು ಹೆಚ್ಚಿದ್ದುದು ಕಂಡಿತು. ಗಮನಿಸಬೇಕಾದ ಮಾತೆಂದರೆ, ಸಾಮಾನ್ಯವಾಗಿ ನರರೋಗ ಮೊದಲು ಬರುತ್ತದೆ. ಗುಳ್ಳೆ ಏಳುವುದು ವರ್ಷಗಳ ನಂತರ.

ಕಾರಣ ಹುಡುಕುತ್ತ ಹೋದರೆ ಮತ್ತೆ ಅದೇ ಎರಡು ಪ್ರೋಟೀನುಗಳು ಎದುರಾಗುತ್ತವೆ. ಭ್ರೂಣದ ಹೊರಪದರ ಒಂದೇ. ಅದರಿಂದಲೇ ಮೇಲ್ಚರ್ಮವೂ ಮೂಡುತ್ತದೆ, ಮಿದುಳೂ ಮೂಡುತ್ತದೆ. ಬಿಪಿ 180 ಮಿದುಳಿನ ನರಕೋಶಗಳಲ್ಲೂ ಇದೆ, ಬಿಪಿ 230ರ ಇನ್ನೊಂದು ರೂಪ ನರಗಳಲ್ಲಿದೆ. 1995ರಲ್ಲಿ ಬಿಪಿ 230ರ ವಂಶವಾಹಿಯನ್ನೇ ಕಿತ್ತುಹಾಕಿ ಇಲಿಗಳನ್ನು ಬೆಳೆಸಿದಾಗ ಅವುಗಳ ಚರ್ಮ ಸಡಿಲವಾದದ್ದಲ್ಲದೆ ಕೈಕಾಲು ತಿರುಚಿಕೊಂಡವು, ನರಗಳು ಕ್ಷಯಿಸಿದವು. ಹಾಗಾಗಿ ಊಹೆ ಹೀಗಿದೆ: ಮಿದುಳಿಗೆ ಪೆಟ್ಟು ಬಿದ್ದಾಗ ಒಳಗೆ ಮರೆಯಾಗಿದ್ದ ಪ್ರೋಟೀನು ಕಾವಲುಪಡೆಯ ಕಣ್ಣಿಗೆ ಬೀಳುತ್ತದೆ, ಅದರ ಮೇಲೆ ಮಸೆದ ಅಸ್ತ್ರ ಕೊನೆಗೆ ಚರ್ಮದಲ್ಲಿ ನಾಟುತ್ತದೆ. ಗುಳ್ಳೆಯೇ ಇಲ್ಲದ ಮರೆವು ರೋಗಿಗಳ ರಕ್ತದಲ್ಲೂ ಈ ಪ್ರತಿಕಾಯ ಕೆಲವೊಮ್ಮೆ ಕಂಡದ್ದುಂಟು. ಆದರೂ ಊಹೆ ಇನ್ನೂ ಸಿದ್ಧಪಟ್ಟಿಲ್ಲ. ಪಾರ್ಶ್ವವಾಯು ಬಡಿದ ಹೆಚ್ಚಿನವರಿಗೆ ಗುಳ್ಳೆ ಏಳುವುದೇ ಇಲ್ಲ ಎಂಬುದನ್ನೂ ಮರೆಯಬಾರದು.

ಸಕ್ಕರೆ ಕಾಯಿಲೆಗೆ ಇಂದು ಧಾರಾಳವಾಗಿ ಕೊಡುವ ಗ್ಲಿಪ್ಟಿನ್ ಜಾತಿಯ ಮಾತ್ರೆಗಳೂ, ಅದರಲ್ಲೂ ವಿಲ್ಡಾಗ್ಲಿಪ್ಟಿನ್, ಈ ರೋಗವನ್ನು ಎಬ್ಬಿಸಬಲ್ಲವು. ಅಜ್ಜನನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಮಾತ್ರೆಯ ಚೀಟಿಯನ್ನೂ ಒಯ್ಯಬೇಕೆನ್ನುವುದು ಇದಕ್ಕೇ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇರೆ ಅಪಾಯ.

ಪತ್ತೆಗೆ ಬೇಕಾದದ್ದು ಗುಳ್ಳೆಯ ಪಕ್ಕದ ಒಂದು ಚೂರು ಚರ್ಮ. ಅದನ್ನು ವಿಶೇಷ ದ್ರವದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಿ, ಹೊಳೆಯುವ ಬಣ್ಣ ಹಾಯಿಸಿ ನೋಡುತ್ತಾರೆ. ಸರ್ಪಸುತ್ತಿಗಾದರೆ ವೈರಾಣು ಮದ್ದನ್ನು ಮೂರು ದಿನದೊಳಗೆ ಶುರುಮಾಡಬೇಕು. ಇದಕ್ಕೆ ಆ ಮದ್ದು ನಿಷ್ಪ್ರಯೋಜಕ. ಸ್ಟೀರಾಯ್ಡ್ ಮಾತ್ರೆಯೇ ಮುಖ್ಯ ಚಿಕಿತ್ಸೆ ಎಂದಿದ್ದದ್ದು 2002ರಲ್ಲಿ ಬದಲಾಯಿತು. ರೋಗ ಮೈತುಂಬ ಹರಡಿದ ಮುದುಕರಲ್ಲಿ ಮಾತ್ರೆಗಿಂತ ಕ್ಲೊಬೆಟಸಾಲ್ ಎಂಬ ಮುಲಾಮಿನಿಂದ ಹೆಚ್ಚು ಮಂದಿ ಬದುಕುಳಿದದ್ದನ್ನು ಫ್ರಾನ್ಸಿನ ವೈದ್ಯರು ತೋರಿಸಿದರು. ಆದರೆ ಮುಲಾಮು ಬರೀ ಗುಳ್ಳೆಗಲ್ಲ, ಇಡೀ ಮೈಗೆ, ದಿನವೂ, ತಿಂಗಳುಗಟ್ಟಲೆ ಹಚ್ಚಬೇಕು. ಪಾರ್ಶ್ವವಾಯುವಿನಿಂದ ಒಂದು ಕೈ ಬಿದ್ದವರು, ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ತೋಟದ ಮನೆಯಲ್ಲಿ ಇಬ್ಬರೇ ಉಳಿದವರು, ಬೆನ್ನಿಗೆ ಹಚ್ಚಲು ಯಾರ ಕೈಯನ್ನು ಕೇಳಬೇಕು?