ದಿಲ್ಲಿಯ ಒಂದು ವಾರ, ನಮ್ಮೂರಿನ ಹತ್ತು ವರ್ಷ

ಸಂಸತ್ತಿನ ಅಧಿವೇಶನ ಆರಂಭವಾಯಿತೆಂದರೆ ಪತ್ರಿಕೆಗಳ ಮುಖಪುಟದಲ್ಲಿ ಗದ್ದಲ, ಧರಣಿ, ಸಭಾತ್ಯಾಗಗಳದೇ ಸುದ್ದಿ. ಮುಂದಿನ ವಾರ ಸದನದ ಮುಂದೆ ಯಾವ ಮಸೂದೆಗಳು ಬರಲಿವೆ, ಯಾವ ಸಮಿತಿ ಯಾವ ವಿಷಯ ಪರಿಶೀಲಿಸಲಿದೆ ಎಂಬ ಮಾಹಿತಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮುಧೋಳದ ಕಬ್ಬು ಬೆಳೆಗಾರ, ಬನಹಟ್ಟಿಯ ನೇಕಾರ, ಬೀಳಗಿಯ ಮುಳುಗಡೆ ಸಂತ್ರಸ್ತ ಅದನ್ನು ಓದದೆ ಪುಟ ತಿರುವಿದರೆ ಆಶ್ಚರ್ಯವೇನೂ ಇಲ್ಲ. ಆದರೆ ಇವರೆಲ್ಲರ ಹೊಲ, ಮಗ್ಗ, ಮನೆಗಳ ಲೆಕ್ಕ ಬದಲಾಗುವುದು ಮುಖಪುಟದ ಗದ್ದಲದಿಂದಲ್ಲ. ಅದು ಬದಲಾಗುವುದು ಒಳಪುಟದ ಆ ನಾಲ್ಕು ಸಾಲುಗಳಿಂದ.

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ನಾಲ್ಕೂ ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸಂಸತ್ತು ಈ ಸೀಮೆಗೆ ಹೊಸದಲ್ಲ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಪುರಸಭೆಯಿಂದ ಸಾರ್ವಜನಿಕ ಜೀವನ ಆರಂಭಿಸಿದ ಬಿ.ಡಿ. ಜತ್ತಿಯವರು 1974ರಿಂದ 1979ರವರೆಗೆ ಉಪರಾಷ್ಟ್ರಪತಿಯಾಗಿದ್ದರು. ಉಪರಾಷ್ಟ್ರಪತಿಯೇ ರಾಜ್ಯಸಭೆಯ ಸಭಾಪತಿ. ಹೀಗಾಗಿ ಮಸೂದೆಯನ್ನು ಮತಕ್ಕೆ ಹಾಕುವ ಪೀಠದಲ್ಲಿ ಐದು ವರ್ಷ ಕುಳಿತವರು ಇದೇ ಮಣ್ಣಿನವರು. 1991ರಲ್ಲಿ ಇದೇ ಕ್ಷೇತ್ರದಿಂದ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಸರ್ಕಾರಕ್ಕೆ ಕಾಯದೆ ರೈತರನ್ನು ಕಟ್ಟಿಕೊಂಡು ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿಸಿದ್ದಕ್ಕೆ 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದವರು. ದಿಲ್ಲಿಗೆ ಹೋದವರ ಹೆಸರುಗಳು ನಮಗೆ ನೆನಪಿವೆ. ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಮಾತ್ರ ಅಷ್ಟಾಗಿ ತಿಳಿದಿಲ್ಲ.

ವಾರದ ಕಲಾಪ

ಅಧಿವೇಶನ ನಡೆಯುವಾಗ ವಾರದ ಕೊನೆಯಲ್ಲಿ, ಸಾಮಾನ್ಯವಾಗಿ ಶುಕ್ರವಾರ, ಸಂಸದೀಯ ವ್ಯವಹಾರಗಳ ಸಚಿವರು ಎದ್ದು ನಿಂತು ಮುಂದಿನ ವಾರದ ಸರ್ಕಾರಿ ಕಲಾಪಗಳನ್ನು ಪ್ರಕಟಿಸುತ್ತಾರೆ. ಯಾವ ಮಸೂದೆಗೆ ಎಷ್ಟು ತಾಸು ಚರ್ಚೆ ಎಂಬುದನ್ನು ಕಲಾಪ ಸಲಹಾ ಸಮಿತಿ ತೀರ್ಮಾನಿಸುತ್ತದೆ. ಶುಕ್ರವಾರದ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗಳಿಗೆ ಮೀಸಲು. ಆದರೆ ಅಂಥ ಮಸೂದೆಯೊಂದು ಕಾಯ್ದೆಯಾದದ್ದು 1970ರಲ್ಲೇ ಕೊನೆ.

ಮತದ ದಿನ ನಡೆಯುವುದು ಸರಳ. ಒಪ್ಪುವವರು 'ಹೌದು' ಎನ್ನಬೇಕು, ಒಪ್ಪದವರು 'ಇಲ್ಲ' ಎನ್ನಬೇಕು. ಯಾವ ಕಡೆ ದನಿ ಹೆಚ್ಚು ಎಂದು ಪೀಠ ಹೇಳುತ್ತದೆ. ಇದೇ ಧ್ವನಿಮತ. ಯಾರಾದರೂ ಒಪ್ಪದೆ ಮತವಿಭಜನೆ ಕೇಳಿದರೆ ಮಾತ್ರ ಯಾರು ಯಾವ ಕಡೆ ಎಂಬುದು ದಾಖಲಾಗುತ್ತದೆ. ಅದರ ಮೇಲೆ ಪಕ್ಷದ ವಿಪ್ ಇರುತ್ತದೆ. 1985ರ ಪಕ್ಷಾಂತರ ನಿಷೇಧದ ನಂತರ ವಿಪ್ ಮೀರಿದವರ ಸದಸ್ಯತ್ವಕ್ಕೇ ಕುತ್ತು. ಆದ್ದರಿಂದ ಮತದ ದಿನ ನಮ್ಮ ಸಂಸದರ ಮನಸ್ಸು ಬದಲಿಸುತ್ತೇವೆಂದು ಹೊರಡುವುದು ಸುಗ್ಗಿ ಮುಗಿದ ಮೇಲೆ ಕಳೆ ಕೀಳಲು ಹೋದಂತೆ.

ಕೆಲಸ ಅದಕ್ಕೂ ಮೊದಲೇ ಆಗಬೇಕು. 1993ರಲ್ಲಿ ಸಂಸತ್ತು ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಆರಂಭಿಸಿತು. ಮೊದಲು 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ 31 ಸದಸ್ಯರು: ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಅಧಿಕಾರಿಗಳನ್ನು ಕರೆಸಿ ಕೇಳುತ್ತಾರೆ, ಸಂಘಸಂಸ್ಥೆಗಳ ಅಹವಾಲು ಕೇಳುತ್ತಾರೆ. ಅಲ್ಲಿ ಕ್ಯಾಮೆರಾ ಇಲ್ಲ, ಗದ್ದಲವೂ ಕಡಿಮೆ. ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಆದರೂ ಮಸೂದೆಯೊಂದನ್ನು ಸಾಲು ಸಾಲಾಗಿ ಓದುವ ಜಾಗ ಇದೇ.

ಕಬ್ಬಿನ ಕಾಯ್ದೆ

ಜಮಖಂಡಿ, ಮುಧೋಳದ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಲ್ಲುವುದನ್ನು ನೋಡದವರಾರು? ಆ ಕಬ್ಬಿನ ಕನಿಷ್ಠ ದರ ನಿಂತಿರುವುದು 1955ರ ಅಗತ್ಯ ವಸ್ತುಗಳ ಕಾಯ್ದೆ ಮತ್ತು ಅದರಡಿ ಹೊರಟ 1966ರ ಕಬ್ಬು ನಿಯಂತ್ರಣ ಆದೇಶದ ಮೇಲೆ. ಕಬ್ಬು ಪೂರೈಸಿದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎಂಬ ನಿಯಮವೂ ಅದೇ ಆದೇಶದಲ್ಲಿದೆ.

2009ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಹಳೆಯ ಶಾಸನಬದ್ಧ ಕನಿಷ್ಠ ಬೆಲೆಯ ಜಾಗದಲ್ಲಿ ಎಫ್‌ಆರ್‌ಪಿ, ಅಂದರೆ 'ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ' ತಂದಿತು. ಅದರ ಜೊತೆಗೇ ಇನ್ನೊಂದು ಕಲಮೂ ಬಂತು. ರಾಜ್ಯ ಸರ್ಕಾರ ಕೇಂದ್ರದ ದರಕ್ಕಿಂತ ಹೆಚ್ಚು ಗೊತ್ತುಪಡಿಸಿದರೆ ವ್ಯತ್ಯಾಸದ ಹಣವನ್ನು ಕಾರ್ಖಾನೆ ಕೊಡಬೇಕಿಲ್ಲ, ಗೊತ್ತುಪಡಿಸಿದವರೇ ಕೊಡಬೇಕು ಎಂದು! ನವೆಂಬರ್ 19ರಂದು ಚಳಿಗಾಲದ ಅಧಿವೇಶನ ಆರಂಭವಾದ ದಿನವೇ ಸಾವಿರಾರು ಕಬ್ಬು ಬೆಳೆಗಾರರು ದಿಲ್ಲಿಗೆ ನುಗ್ಗಿದರು. ಲೋಕಸಭೆಯ ಕಲಾಪ ನಡೆಯಲಿಲ್ಲ. ಸರ್ಕಾರ ಕೆಲವೇ ದಿನಗಳಲ್ಲಿ ಆ ಕಲಮನ್ನು ಕೈಬಿಡಲು ಒಪ್ಪಿತು. ಡಿಸೆಂಬರ್‌ನಲ್ಲಿ ಅಂಗೀಕಾರವಾದ ಮಸೂದೆಯಲ್ಲಿ ಅದು ಇರಲಿಲ್ಲ.

ಅಂದು ಬೀದಿಗಿಳಿದವರಲ್ಲಿ ಹೆಚ್ಚಿನವರು ಉತ್ತರ ಪ್ರದೇಶದವರು. ಆದರೆ ಫಲ ಇಲ್ಲಿಗೂ ಬಂತು. 2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬಿನ ದರಕ್ಕಾಗಿ ಹೋರಾಟ ಭುಗಿಲೆದ್ದಾಗ ರಾಜ್ಯ ಸರ್ಕಾರವೇ ಮಧ್ಯೆ ಬಂದು ಎಫ್‌ಆರ್‌ಪಿಯ ಮೇಲೆ ಮಾತುಕತೆ ನಡೆಸಬೇಕಾಯಿತು. 2009ರ ಕಲಮು ಉಳಿದಿದ್ದರೆ ಆ ಮಾತುಕತೆಯ ಮೊದಲ ಪ್ರಶ್ನೆಯೇ 'ಹೆಚ್ಚಿನ ದರದ ಹಣ ಸರ್ಕಾರದ ಬೊಕ್ಕಸದಿಂದಲೇ ಬರಬೇಕೇ?' ಎಂದಾಗುತ್ತಿತ್ತು.

ಮುಳುಗಡೆಯ ನೆಲ

ಬೀಳಗಿಯವರಿಗೆ ಭೂಸ್ವಾಧೀನ ಎಂಬ ಶಬ್ದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರ್‌ವರೆಗೆ ನೀರು ನಿಂತಾಗಲೇ ಕೃಷ್ಣೆ, ಘಟಪ್ರಭೆಯರ ದಂಡೆಯ ಊರುಗಳು ಎದ್ದುಹೋದವು. ಈಗ 524.256 ಮೀಟರ್‌ಗೆ ಏರಿಸುವ ಮೂರನೇ ಹಂತ ಎದುರಿಗಿದೆ. ಇದಕ್ಕಾಗಿ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು.

ದರ ಹೇಳಿದ್ದು ಬೆಂಗಳೂರು. ಆದರೆ ರೈತನಿಗೆ ಹಕ್ಕು ಕೊಟ್ಟದ್ದು ಸಂಸತ್ತಿನ 2013ರ ಭೂಸ್ವಾಧೀನ ಕಾಯ್ದೆ. ಅದಕ್ಕೂ ಮೊದಲಿದ್ದದ್ದು ಬ್ರಿಟಿಷರ 1894ರ ಕಾಯ್ದೆ. ಹೊಸ ಮಸೂದೆ ಮಂಡನೆಯಾದದ್ದು 2011ರ ಸೆಪ್ಟೆಂಬರ್‌ನಲ್ಲಿ. ಅದು ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿಗೆ ಹೋಯಿತು. ಸುಮಿತ್ರಾ ಮಹಾಜನ್ ಅಧ್ಯಕ್ಷತೆಯ ಆ ಸಮಿತಿ 2012ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಕೆಲವು ಸಲಹೆಗಳನ್ನು ಸರ್ಕಾರ ಒಪ್ಪಿತು, ಕೆಲವನ್ನು ಬಿಟ್ಟಿತು. 2013ರ ಆಗಸ್ಟ್ 29ರಂದು ಲೋಕಸಭೆಯಲ್ಲಿ 216 ಮತ ಪರ, 19 ಮತ ವಿರುದ್ಧ ಬಿದ್ದು ಮಸೂದೆ ಗೆದ್ದಿತು. ಗ್ರಾಮೀಣ ಭಾಗದಲ್ಲಿ ಮಾರುಕಟ್ಟೆ ಬೆಲೆಯ ನಾಲ್ಕು ಪಟ್ಟಿನವರೆಗೆ ಪರಿಹಾರ, ಜೊತೆಗೆ ಪುನರ್ವಸತಿ ಕಡ್ಡಾಯ ಎಂಬುದು ಬಂದದ್ದು ಹೀಗೆ. ಮತದಾನಕ್ಕೆ ಒಂದು ಸಂಜೆ ಸಾಕಾಯಿತು. ಅದರ ಹಿಂದಿದ್ದದ್ದು ಎರಡು ವರ್ಷದ ಕೆಲಸ.

ಮುಂದಿನ ಅಧ್ಯಾಯವೂ ಗಮನಿಸತಕ್ಕದ್ದು. 2014ರ ಕೊನೆಯ ದಿನ ಹೊಸ ಸರ್ಕಾರ ಈ ಕಾಯ್ದೆಯನ್ನು ಸಡಿಲಿಸುವ ಸುಗ್ರೀವಾಜ್ಞೆ ಹೊರಡಿಸಿತು. 2015ರ ಮಾರ್ಚ್‌ನಲ್ಲಿ ಲೋಕಸಭೆ ಅದರ ಮಸೂದೆಯನ್ನು ಒಪ್ಪಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತವಿರಲಿಲ್ಲ. ವಿಷಯ ಜಂಟಿ ಸಮಿತಿಗೆ ಹೋಯಿತು. ಅದೇ ಆಗಸ್ಟ್ 31ರಂದು ಸುಗ್ರೀವಾಜ್ಞೆಯ ಅವಧಿ ಮುಗಿಯಿತು, ಮತ್ತೆ ಹೊರಡಲಿಲ್ಲ. 2013ರ ಕಾಯ್ದೆಗೆ ಧಕ್ಕೆಯಾಗಲಿಲ್ಲ.

ಒಂದು ಸದನ ದಾಟಿ ನಿಂತ ಮಸೂದೆ

ನೆಲದ ಕತೆ ಹೀಗಾದರೆ ನೀರಿನದು ಬೇರೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ತೀರ್ಪು ಕೊಟ್ಟಿತು, 2013ರ ನವೆಂಬರ್ 29ರಂದು ಅಂತಿಮ ವರದಿ ಕೊಟ್ಟಿತು. 1956ರ ಅಂತರರಾಜ್ಯ ನದಿ ನೀರು ವಿವಾದಗಳ ಕಾಯ್ದೆಯ ಪ್ರಕಾರ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಪ್ರಕಟವಾಗಬೇಕು. ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯವಿದ್ದುದರಿಂದ ಪ್ರಕಟಣೆ ನಿಂತುಹೋಯಿತು. ಗೆಜೆಟ್ ಪ್ರಕಟಣೆಯ ಕಟ್ಟಳೆಯನ್ನೇ ತೆಗೆದುಹಾಕುವ ತಿದ್ದುಪಡಿ ಮಸೂದೆಯೊಂದನ್ನು ಲೋಕಸಭೆ 2019ರ ಜುಲೈ 31ರಂದು ಅಂಗೀಕರಿಸಿತು. ಅದು ರಾಜ್ಯಸಭೆಯಲ್ಲಿ ಮತಕ್ಕೆ ಬರಲೇ ಇಲ್ಲ. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಬಿದ್ದುಹೋಯಿತು. ಆ ಮಸೂದೆ ಬಂದಿದ್ದರೆ ಕೃಷ್ಣೆಯ ತಕರಾರು ಮುಗಿಯುತ್ತಿತ್ತೆಂದು ಹೇಳಲಾಗದು. ಆದರೆ ಐದು ವರ್ಷ ಪ್ರತಿ ಅಧಿವೇಶನದಲ್ಲೂ 'ರಾಜ್ಯಸಭೆಯ ಈ ವಾರದ ಪಟ್ಟಿಯಲ್ಲಿ ಅದಿದೆಯೇ?' ಎಂದು ನದಿ ದಂಡೆಯವರು ಕೇಳಬಹುದಿತ್ತಲ್ಲ!

ಮಗ್ಗಕ್ಕೆ ಕಾಯ್ದೆ, ಪಟ್ಟಿಗೆ ಇಲಾಖೆ

ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗವೂ ಇದೆ, ವಿದ್ಯುತ್ ಮಗ್ಗವೂ ಇದೆ. 1985ರಲ್ಲಿ ಸಂಸತ್ತು ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಮಾಡಿತು. 1993ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಬ್ಬರಿಗೆ ರಕ್ಷಣೆಯಾದದ್ದು ಪಕ್ಕದ ಮನೆಯವರಿಗೆ ಕಟ್ಟುಪಾಡು. ಆದರೆ ಯಾವ ಬಟ್ಟೆ ಮೀಸಲು ಎಂಬ ಪಟ್ಟಿ ಕಾಯ್ದೆಯೊಳಗಿಲ್ಲ. ಅದನ್ನು ಮಾಡುವುದು ಜವಳಿ ಇಲಾಖೆ. ಮೊದಲು 22 ಬಗೆಗಳಿದ್ದ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಸದನದಲ್ಲಿ ಅದಕ್ಕಾಗಿ ಯಾರೂ 'ಹೌದು' ಎನ್ನಬೇಕಾಗಲಿಲ್ಲ. ಇಂಥ ಅಧಿಸೂಚನೆಗಳ ಮೇಲೆ ಸಂಸತ್ತು ಕಣ್ಣಿಡುವುದು ಅಧೀನ ಶಾಸನ ಸಮಿತಿಯ ಮೂಲಕ, ಇಲಾಖೆಯನ್ನು ಪ್ರಶ್ನಿಸುವುದು ಕಾರ್ಮಿಕ ಮತ್ತು ಜವಳಿ ಸ್ಥಾಯಿ ಸಮಿತಿಯ ಮೂಲಕ. ನೇಕಾರ ಸಂಘಗಳು ಗಮನಿಸಬೇಕಾದದ್ದು ಅಲ್ಲಿ.

ರೈಲಿನ ಕತೆಯೂ ಹೀಗೆಯೇ. ಮುಧೋಳ, ಜಮಖಂಡಿಯವರು ಕಾಯುತ್ತಿರುವ ಬಾಗಲಕೋಟೆ-ಕುಡಚಿ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2010-11ರ ಬಜೆಟ್‌ನಲ್ಲಿ. ಹದಿನೈದು ವರ್ಷ ಕಳೆದರೂ ಪೂರ್ತಿಯಾಗಿಲ್ಲ. ಪ್ರತಿ ವರ್ಷ ಅದಕ್ಕೆಷ್ಟು ಹಣ ಎಂಬುದು ರೈಲ್ವೆ ಅನುದಾನದ ಬೇಡಿಕೆಯೊಳಗೆ ಅಡಗಿರುತ್ತದೆ. ಬಜೆಟ್ ಮಂಡನೆಯ ನಂತರ ಸದನಕ್ಕೆ ಬಿಡುವಿದ್ದಾಗ ಸ್ಥಾಯಿ ಸಮಿತಿಗಳು ಈ ಬೇಡಿಕೆಗಳನ್ನು ಪರಿಶೀಲಿಸುತ್ತವೆ. ಸದನದಲ್ಲಿ ನಾಲ್ಕಾರು ಇಲಾಖೆಗಳ ಬೇಡಿಕೆ ಚರ್ಚೆಯಾದರೆ ಹೆಚ್ಚು. ಉಳಿದವೆಲ್ಲ ಒಂದೇ ಸಂಜೆ, ಒಂದೇ ಏಟಿಗೆ ಪಾಸಾಗುತ್ತವೆ. ಇದಕ್ಕೆ 'ಗಿಲೋಟಿನ್' ಎಂದೇ ಹೆಸರು.

ಸಮಿತಿ ತಪ್ಪಿದರೆ

ಸಮಿತಿಯ ದಾರಿ ಈಚೆಗೆ ಕಿರಿದಾಗಿದೆ. 2009ರಿಂದ 2014ರ ಲೋಕಸಭೆಯಲ್ಲಿ ನೂರಕ್ಕೆ 71 ಮಸೂದೆಗಳು ಸಮಿತಿಗಳಿಗೆ ಹೋದರೆ, 2019ರಿಂದ 2024ರ ಲೋಕಸಭೆಯಲ್ಲಿ ಹೋದದ್ದು ನೂರಕ್ಕೆ 16 ಮಾತ್ರ. 2020ರ ಮೂರು ಕೃಷಿ ಮಸೂದೆಗಳು ಯಾವ ಸಮಿತಿಗೂ ಹೋಗಲಿಲ್ಲ. ಸೆಪ್ಟೆಂಬರ್‌ನ ಒಂದೇ ವಾರದಲ್ಲಿ ಎರಡೂ ಸದನ ದಾಟಿದವು. ರಾಜ್ಯಸಭೆಯಲ್ಲಿ ಪ್ರತಿಪಕ್ಷಗಳು ಮತವಿಭಜನೆ ಕೇಳಿ ಗದ್ದಲವೆಬ್ಬಿಸಿದರೂ ಧ್ವನಿಮತದಲ್ಲೇ ಮುಗಿಯಿತು. ಒಳಗೆ ಆಗದ ಚರ್ಚೆ ದಿಲ್ಲಿಯ ಗಡಿಯ ರಸ್ತೆಗಳಲ್ಲಿ ಒಂದು ವರ್ಷ ನಡೆಯಿತು. 2021ರ ನವೆಂಬರ್ 29ರಂದು ಕಾಯ್ದೆಗಳು ರದ್ದಾದವು, ಅದೂ ಚರ್ಚೆಯಿಲ್ಲದೆ! ವಿಶೇಷವೆಂದರೆ 2019ರಿಂದ 2024ರ ಅವಧಿಯಲ್ಲಿ ಕೃಷಿ ಸ್ಥಾಯಿ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಬಾಗಲಕೋಟೆಯ ಸಂಸದ ಪಿ.ಸಿ. ಗದ್ದಿಗೌಡರ. ಆ ಮಸೂದೆಗಳು ಅವರ ಸಮಿತಿಯ ಮೇಜಿಗೆ ಬಂದಿದ್ದರೆ ಈ ಭಾಗದ ರೈತರಿಗೆ ತಮ್ಮ ಮಾತು ಹೇಳಲು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ನಾವು ಮಾಡಬಹುದಾದದ್ದು

ಮಸೂದೆ ಸಮಿತಿಗೆ ಹೋದಾಗ ಸಾರ್ವಜನಿಕರ ಅಭಿಪ್ರಾಯ ಕೇಳಿ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಕಾಲಾವಕಾಶ ಬಹಳ ಇರುವುದಿಲ್ಲ. ಯಾವ ನಾಗರಿಕನೂ, ಯಾವ ಸಂಘವೂ ಮನವಿ ಕಳಿಸಬಹುದು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ ಎಂಬುದೊಂದು ತೊಡಕು. ಊರಿನ ಕಾಲೇಜು ಅಧ್ಯಾಪಕರೊಬ್ಬರು, ವಕೀಲರೊಬ್ಬರು ಕೈಜೋಡಿಸಿದರೆ ಅದು ದೊಡ್ಡದಲ್ಲ. ತಾವೇ ಹಾಜರಾಗಿ ಹೇಳಬಯಸುವವರು ಅದನ್ನೂ ಮನವಿಯಲ್ಲಿ ಬರೆಯಬಹುದು. ಸಂಸದರಿಗೆ ಪ್ರಶ್ನೆ ಬರೆದುಕೊಡುವುದಾದರೆ ಎರಡು ವಾರಕ್ಕಿಂತಲೂ ಮುಂಚಿತವಾಗಿ ಕೊಡಬೇಕು, ಏಕೆಂದರೆ ಸದನದ ನಿಯಮ ಕನಿಷ್ಠ 15 ಪೂರ್ಣ ದಿನಗಳ ನೋಟಿಸು ಕೇಳುತ್ತದೆ.

ಕಲಾಪಗಳ ಪಟ್ಟಿ, ಸಮಿತಿಗಳ ವೇಳಾಪಟ್ಟಿ ಈಗ ಮೊಬೈಲಿನಲ್ಲೇ ಸಿಗುತ್ತವೆ. ನೇಕಾರರ ಸಂಘದಲ್ಲೊಬ್ಬರು, ಕಬ್ಬು ಬೆಳೆಗಾರರಲ್ಲೊಬ್ಬರು, ಮುಳುಗಡೆ ಸಂತ್ರಸ್ತರಲ್ಲೊಬ್ಬರು ಅಧಿವೇಶನದ ಪ್ರತಿ ಶುಕ್ರವಾರ ಸಂಜೆ ಅದನ್ನು ಓದಿ ಉಳಿದವರಿಗೆ ಹೇಳಿದರೂ ಸಾಕು. ನಾಲ್ಕು ಊರಿಗೆ ನಾಲ್ಕೇ ಜನ ಓದುಗರಿದ್ದರೆ, ಮಸೂದೆ ಪಾಸಾದ ಮೇಲೆ ಅದರಲ್ಲೇನಿದೆ ಎಂದು ವಕೀಲರನ್ನು ಹುಡುಕಿಕೊಂಡು ಹೋಗುವ ನೂರಾರು ಜನರ ಅಲೆದಾಟ ತಪ್ಪೀತು.