ಗೇಟು ಹೋದರೆ ಡ್ಯಾಂ ಹೋದಂತಲ್ಲ

ಹೊಸಪೇಟೆಯಲ್ಲಿ ‘ಗೇಟು’ ಎಂದರೆ ಮನೆಯ ಗೇಟೂ ಹೌದು, ರೈಲ್ವೆ ಗೇಟೂ ಹೌದು. ಆದರೆ ಮಳೆಗಾಲದಲ್ಲಿ ಯಾರಾದರೂ ‘ಗೇಟ್ ತೆಗ್ದಾರಂತೆ’ ಎಂದರೆ ಯಾವ ಗೇಟೆಂದು ಕೇಳುವವರಿಲ್ಲ; ಅದು ಟಿ.ಬಿ. (ತುಂಗಭದ್ರಾ) ಡ್ಯಾಮಿನದೇ. ಇಷ್ಟು ಬಳಕೆಯಲ್ಲಿರುವ ಮಾತಿನ ಸುತ್ತ ತಪ್ಪು ತಿಳಿವಳಿಕೆಯೂ ಅಷ್ಟೇ ಬೆಳೆದಿದೆ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಅದು ‘ಡ್ಯಾಂ ಒಡೀತಂತೆ’ ಎಂದಾಗಿತ್ತು. ಒಡೆದದ್ದು ಡ್ಯಾಂ ಅಲ್ಲ. ಡ್ಯಾಂ ಎಂದರೆ ಕಲ್ಲಿನ ಗೋಡೆ. ಅದರ ನೆತ್ತಿಯ ಮೇಲೆ 60 ಅಡಿ ಅಗಲ, 20 ಅಡಿ ಎತ್ತರದ 33 ಕಬ್ಬಿಣದ ಗೇಟುಗಳಿವೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ, ಗೇಟುಗಳ ಬುಡ 1613 ಅಡಿ. ಅಂದರೆ ಗೇಟುಗಳು ತಡೆದು ನಿಲ್ಲಿಸುವುದು ಮೇಲಿನ 20 ಅಡಿ ನೀರನ್ನು ಮಾತ್ರ. ಗೇಟು ಪೂರ್ತಿ ಹೋದರೂ 1613ರ ಕೆಳಗಿನ ನೀರನ್ನು ಗೋಡೆ ಹಿಡಿದಿರುತ್ತದೆ. ಹಾಗೆಂದು ಹಾನಿ ಸಣ್ಣದಲ್ಲ: ಜಲಾಶಯ ಮೇಲೆ ಅಗಲವಾಗುತ್ತಾ ಹೋಗುವುದರಿಂದ ಸಂಗ್ರಹದ ಅರ್ಧಕ್ಕಿಂತ ಹೆಚ್ಚು ಆ 20 ಅಡಿಯಲ್ಲೇ ಇದೆ. ಅದಷ್ಟೂ ಖಾಲಿಯಾಗುವವರೆಗೆ ಕಾಯದೆ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆಹಲಗೆಗಳಾದ ಸ್ಟಾಪ್‌ಲಾಗ್ ಇಳಿಸಿ ಕಂಡಿ ಮುಚ್ಚಿದವರ ಕೆಲಸವನ್ನು ನಾವು ಇನ್ನೂ ಸಾಕಷ್ಟು ಹೊಗಳಿಲ್ಲ.

‘ಅಷ್ಟೂ ಗೇಟು ತೆಗೆದರು’ ಎಂದರೆ ಬಾಗಿಲು ಹಾರುಹೊಡೆದಂತೆ ಎಂದು ಹಲವರು ಭಾವಿಸುತ್ತಾರೆ. ಈ ಗೇಟುಗಳನ್ನು ತೆರೆಯುವುದಲ್ಲ, ಚೈನಿನಿಂದ ಮೇಲಕ್ಕೆ ಎತ್ತುವುದು. ಒಂದೊಂದನ್ನು ಒಂದಡಿ ಎತ್ತಿದರೂ ‘33 ಗೇಟು ತೆಗೆದರು’ ಎಂಬ ಸುದ್ದಿ ನಿಜವೇ. ಹಾಗಾಗಿ ಎಷ್ಟು ಗೇಟು ಎಂಬುದಕ್ಕಿಂತ ಎಷ್ಟು ಕ್ಯೂಸೆಕ್ ಎಂದು ಕೇಳಬೇಕು. ಕ್ಯೂಸೆಕ್ಕನ್ನೂ ಟಿಎಂಸಿಯನ್ನೂ ಬೆರೆಸಿ ಮಾತಾಡುವವರು ಓದಿದವರಲ್ಲೂ ಇದ್ದಾರೆ. ಕ್ಯೂಸೆಕ್ ಹರಿವಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ನೀರಿನ ಪ್ರಮಾಣ, ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಹರಿವು ಆ ಮಟ್ಟಕ್ಕೇರಿದಾಗ ಹಂಪಿಯ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆಗೂ ಆಪತ್ತು.

ಆಗ ಬೈಗುಳವೆಲ್ಲ ಗೇಟು ಎತ್ತಿದವರಿಗೆ. ಆದರೆ ತುಂಬಿದ ಜಲಾಶಯಕ್ಕೆ ಮಲೆನಾಡಿನಿಂದ ಬಂದಷ್ಟು ನೀರನ್ನು ಬಿಡದೆ ದಾರಿಯಿಲ್ಲ. ಮೊದಲೇ ಜಾಗ ಮಾಡಿಕೊಳ್ಳಬೇಕಿತ್ತೇ ಎಂಬುದು ಕೇಳಲೇಬೇಕಾದ ಪ್ರಶ್ನೆ, ಗೇಟು ಎತ್ತಿದ್ದೇ ತಪ್ಪು ಎನ್ನುವುದು ಮಾತ್ರ ಸರಿಯಲ್ಲ.

ಗೇಟು ತೆಗೆದರೆ ಗದ್ದೆಗೆ ನೀರು ಬಂತು ಎಂಬ ನಂಬಿಕೆಯೂ ಇದೆ. ನೆತ್ತಿಯ ಗೇಟುಗಳ ನೀರು ನದಿಗೆ ಹೋಗುತ್ತದೆ. ಎಡದಂಡೆ ಕಾಲುವೆಗೂ ಬಲದಂಡೆಯ ಮೇಲ್ಮಟ್ಟದ, ಕೆಳಮಟ್ಟದ ಕಾಲುವೆಗಳಾದ ಎಚ್‌ಎಲ್‌ಸಿ, ಎಲ್‌ಎಲ್‌ಸಿಗೂ ಬೇರೆಯೇ ತೂಬುಗಳಿವೆ. ಹಂಪಿಯ ಬಾಳೆ ತೋಟಗಳ ತುರ್ತು ಕಾಲುವೆಯಂತೂ ವಿಜಯನಗರದ ಕಾಲದ್ದು. ಅದು ನದಿಯ ಹಳೆಯ ಅಣೆಕಟ್ಟಿನಿಂದ ಹರಿಯುತ್ತದೆ.

ಹಾಗಂತ ನೆತ್ತಿಯ ಗೇಟಿಗೂ ಗದ್ದೆಗೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ. ಹಳೆಯ ಗೇಟುಗಳನ್ನು ನಂಬಲಾಗದೆ 2025ರಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿಗೆ ಮಿತಿಗೊಳಿಸಿದರು. ಹೊಸ ಗೇಟು ಕೂರಿಸಲು ನೀರು ಇಳಿಸಬೇಕೆಂದು ಎರಡನೇ ಬೆಳೆಗೆ ನೀರು ಕೊಡಲಿಲ್ಲ. 33 ಗೇಟುಗಳ ದುರಸ್ತಿಯನ್ನು ವರ್ಷಗಟ್ಟಲೆ ಮುಂದೂಡಿದ್ದರ ಬೆಲೆ ತೆತ್ತವರು ಭತ್ತದ ರೈತರು.